ಬೀಡುಬಿಟ್ಟ ಮಾಗಿ ಚಳಿಗೆ ಮಲೆನಾಡಿನ ಮನೆ ಸಜ್ಜು ಮಾಡುವುದು ಹೇಗೆ

ಮೊದಲು ಬಚ್ಚಲುಮನೆ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಬೆಳಿಗ್ಗೆ ಗಟ್ಟಿಯಾಗಿದ್ದರೆ ವಿಶೇಷ ಏನಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಕಡೆ ನವೆಂಬರ್ ಬಂತೆಂದರೆ ದಿನಾ ಅದೇ ಕತೆ. ಆದರೆ ಮಧ್ಯಾಹ್ನ ಹನ್ನೆರಡಾದರೂ ಕರಗದೆ ಬೆಳ್ಳಗೆ ಕೂತಿದ್ದರೆ, ಹಾಗೇ ಮೂರ್ನಾಲ್ಕು ದಿನ ಆದರೆ, ಇದು ಬಂದು ಹೋಗುವ ಚಳಿಯಲ್ಲ, ಬೀಡುಬಿಟ್ಟ ಚಳಿ ಅಂತ ಲೆಕ್ಕ. ನಮ್ಮ ಮನೆಯ ಥರ್ಮಾಮೀಟರ್ ಅದೇ.

ಹವಾಮಾನ ಇಲಾಖೆಯ ಲೆಕ್ಕ ಬೇರೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಬಂದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾಗಿದ್ದರೆ ಅದನ್ನು ಶೀತಗಾಳಿ ಅನ್ನುತ್ತಾರೆ. ವಾಡಿಕೆಗಿಂತ 6.4 ಡಿಗ್ರಿಗೂ ಜಾಸ್ತಿ ಇಳಿದರೆ ತೀವ್ರ ಶೀತಗಾಳಿ. ಗುಡ್ಡಗಾಡು ಪ್ರದೇಶಕ್ಕೆ ಈ ಮಾತು ಅನ್ವಯಿಸಬೇಕಾದರೆ ಸೊನ್ನೆ ಡಿಗ್ರಿಗೇ ಬರಬೇಕು. ನಮ್ಮ ಮಲೆನಾಡು ಸೊನ್ನೆಗೆ ಇಳಿಯುವ ಸೀಮೆಯಲ್ಲ. ಊಟಿ, ಮುನ್ನಾರ್ ಕಡೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ, ನಮ್ಮಲ್ಲಿ ಕೂರುವುದು ಇಬ್ಬನಿ. ಹಾಗಾದರೆ ಹತ್ತು ಡಿಗ್ರಿಗೇ ನಾವು ಯಾಕೆ ಇಷ್ಟು ಗಡಗಡ ನಡುಗುತ್ತೇವೆ?

ಯಾಕೆಂದರೆ ನಮ್ಮ ಮನೆಗಳನ್ನು ಕಟ್ಟಿರುವುದೇ ಮಳೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅಂಥ ಮಳೆಯಲ್ಲಿ ಮನೆ ಬೂಸ್ಟು ಹಿಡಿಯದೆ ಇರಬೇಕಾದರೆ ಗಾಳಿ ಆಡಲೇಬೇಕು. ಅದಕ್ಕೇ ಹೆಂಚಿಗೂ ಗೋಡೆಗೂ ನಡುವೆ ಸಂದು, ದೊಡ್ಡ ಜಗಲಿ, ಎಲ್ಲ ಕಡೆ ಕಿಟಕಿ. ಜೂನ್‌ನಲ್ಲಿ ವರವಾಗಿದ್ದ ಆ ಸಂದೇ ಜನವರಿಯಲ್ಲಿ ಮನೆಯ ಬಿಸಿಯನ್ನೆಲ್ಲ ಹೊರಗೆ ಸಾಗಿಸುತ್ತದೆ. ಒಂದೆರಡು ರಾತ್ರಿಯ ಚಳಿಯಾದರೆ ಗೋಡೆಯಲ್ಲಿ ಉಳಿದ ಬಿಸಿಯಲ್ಲೇ ಕಳೆಯಬಹುದು. ಹತ್ತು ಹದಿನೈದು ರಾತ್ರಿ ಬಿಡದೆ ಹಿಡಿದರೆ ಗೋಡೆ, ನೆಲ, ಹಾಸಿಗೆ ಎಲ್ಲ ತಣ್ಣಗಾಗಿ, ಹಗಲಿನಲ್ಲೂ ಮನೆಯೊಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ಆಗುತ್ತದೆ. ಆಮೇಲೆ ಜನ ಸಿಕ್ಕಿದ್ದೆಲ್ಲ ಉರಿಸಲು ಶುರುಮಾಡುತ್ತಾರೆ. ನನ್ನ ಅನುಭವದಲ್ಲಿ ನಮ್ಮ ಕಡೆ ಚಳಿಗಿಂತ ಅಪಾಯ ಅದೇ, ಚಳಿ ಓಡಿಸಲು ನಾವು ಮಾಡುವ ಕೆಲಸ. ಅದರ ಬಗ್ಗೆ ಕೆಳಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಕೆಲಸ ಸಂಜೆ ನಾಲ್ಕರ ಒಳಗೆ ಮುಗಿಯಬೇಕು

ರಾತ್ರಿ ಚಳಿ ಹತ್ತಿದ ಮೇಲೆ ಕಿಟಕಿ ಮುಚ್ಚಿದರೆ ಮುಚ್ಚಿದ್ದು ಚಳಿಯನ್ನೇ. ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಹೊರಗಿನ ಗಾಳಿ ಒಳಗಿನದಕ್ಕಿಂತ ಬೆಚ್ಚಗಾಗಿರುತ್ತದೆ. ಆಗ ಎಲ್ಲ ಕಿಟಕಿ ತೆರೆಯಿರಿ. ಬಿಸಿಲು ಬೀಳುವ ಕಡೆಯ ಪರದೆ ಪೂರ್ತಿ ಸರಿಸಿ. ಮೂರೂವರೆಯಿಂದ ನಾಲ್ಕರ ಒಳಗೆ ಮುಚ್ಚಿಬಿಡಿ. ಮಲೆನಾಡಿನ ಕಣಿವೆಗಳಲ್ಲಿ ಸೂರ್ಯ ಗುಡ್ಡದ ಹಿಂದೆ ಹೋಗುವುದು ಪಂಚಾಂಗದ ಸೂರ್ಯಾಸ್ತಕ್ಕಿಂತ ಎಷ್ಟೋ ಮುಂಚೆ, ನಿಮ್ಮ ಅಂಗಳದಿಂದ ಬಿಸಿಲು ಯಾವಾಗ ಹೋಗುತ್ತದೋ ಅದೇ ನಿಮ್ಮ ಗಡಿಯಾರ.

ಹಾಸಿಗೆ, ಕಂಬಳಿ, ದಿಂಬು ಹನ್ನೊಂದರಿಂದ ಎರಡರವರೆಗೆ ಬಿಸಿಲಿಗೆ ಹಾಕಿ. ಒಗೆದ ಬಟ್ಟೆಯನ್ನು ನಾಲ್ಕಕ್ಕೆ ಮುಂಚೆ ಒಳಗೆ ತನ್ನಿ. ಒಂದು ಗಂಟೆ ತಡ ಮಾಡಿದರೂ ಇಬ್ಬನಿ ಕುಡಿದು ಬಟ್ಟೆ ತಂಡಿಯಾಗುತ್ತದೆ, ಕೈಗೆ ಒದ್ದೆ ಅನಿಸುವುದಿಲ್ಲ, ಮೈಗೆ ಹಾಕಿಕೊಂಡಾಗ ಗೊತ್ತಾಗುತ್ತದೆ. ಮಕ್ಕಳ ಸಾಕ್ಸ್ ವಿಷಯದಲ್ಲಂತೂ ಇದನ್ನು ಮರೆಯಬೇಡಿ.

ಇಡೀ ಮನೆ ಬೆಚ್ಚಗಿಡಲು ಹೋಗಬೇಡಿ, ಆಗುವುದಿಲ್ಲ. ಒಂದೇ ಕೋಣೆ ಆರಿಸಿಕೊಳ್ಳಿ. ಹಳೇ ಮನೆಯಾದರೆ ಮುಚ್ಚಿಗೆ ಇರುವ ಕೋಣೆಯೇ ಸೈ. ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು, ಸುತ್ತ ದಪ್ಪ ಗೋಡೆ. ಹಿರಿಯರು ಬಾಣಂತಿಯನ್ನು ಅಲ್ಲೇ ಯಾಕೆ ಮಲಗಿಸುತ್ತಿದ್ದರು ಅಂತ ಒಂದು ರಾತ್ರಿ ಮಲಗಿದರೆ ತಿಳಿಯುತ್ತದೆ. ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯಾದರೆ ಪಶ್ಚಿಮದ ಕೋಣೆ ನೋಡಿ, ಮಧ್ಯಾಹ್ನದ ಬಿಸಿಲು ಆ ಗೋಡೆಯಲ್ಲಿ ರಾತ್ರಿ ಹತ್ತರವರೆಗಾದರೂ ಇರುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ಗೋಣಿಚೀಲ ಸುತ್ತಿ ಇಡಿ. ಬಾಗಿಲ ಸಂದಿ ಮುಚ್ಚಿದರೆ ಸಾಕು, ಮೇಲಿನ ವೆಂಟಿಲೇಟರ್ ಮುಟ್ಟಬೇಡಿ.

ಇನ್ನು ಮಲಗುವುದು. ನಾವೆಲ್ಲ ಮಾಡುವ ತಪ್ಪು ಒಂದೇ. ಮೇಲೆ ಮೂರು ರಗ್ಗು ಹೊದೆಯುತ್ತೇವೆ, ಕೆಳಗೆ ಒಂದು ಚಾಪೆ. ರೆಡ್ ಆಕ್ಸೈಡ್ ನೆಲ, ಟೈಲ್ಸ್ ನೆಲ ಇಡೀ ರಾತ್ರಿ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ನಾಲ್ಕು ಕಂಬಳಿ ಇದ್ದರೆ ಎರಡನ್ನು ಕೆಳಗೆ ಹಾಕಿ. ಚಾಪೆ, ಅದರ ಮೇಲೆ ಕಂಬಳಿ, ಅದರ ಮೇಲೆ ಹಾಸಿಗೆ. ಮಂಚದ ಮೇಲೆ ಮಲಗುವವರಿಗೂ ಇದೇ ಮಾತು, ಮಂಚದಡಿ ಗಾಳಿ ಆಡುತ್ತದೆ ಅಲ್ವಾ. ಮೇಲೆ ಹೊದೆಯಲು ಒಂದು ದಪ್ಪ ರಗ್ಗಿಗಿಂತ ಎರಡು ತೆಳು ಹೊದಿಕೆ ಮೇಲು, ನಡುವೆ ನಿಂತ ಗಾಳಿಯೇ ಬಿಸಿ ಹಿಡಿದಿಡುವುದು. ಸ್ವೆಟರ್ ಒಳಗೆ ತೆಳ್ಳನೆ ಹತ್ತಿ ಬನಿಯನ್ ಹಾಕಿ ಅನ್ನುವುದೂ ಇದಕ್ಕೇ.

ಬೆಂಕಿ, ಕೆಂಡ, ಗೀಸರ್

ಇದನ್ನು ಗಮನ ಇಟ್ಟು ಓದಿ.

ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಚಿಕ್ಕಪ್ಪನ ಮಗ ನಮ್ಮಲ್ಲಿ ಓದಲು ಇದ್ದ. ಬಚ್ಚಲಲ್ಲಿ ಗ್ಯಾಸ್ ಗೀಸರ್. ಒಂದು ಜನವರಿ ಬೆಳಿಗ್ಗೆ ಸ್ನಾನಕ್ಕೆ ಹೋದವನು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ನೀರು ಬೀಳುವ ಸದ್ದು ಮಾತ್ರ. ಕರೆದರೆ ಉತ್ತರ ಇಲ್ಲ. ಬಾಗಿಲು ಒದ್ದು ತೆಗೆದಾಗ ಗೋಡೆಗೆ ಒರಗಿ ಕೂತಿದ್ದ, ಕಣ್ಣು ತೆರೆದೇ ಇತ್ತು, ಮಾತು ತೊದಲುತ್ತಿತ್ತು. ಎಳೆದು ಹೊರಗೆ ಜಗಲಿಗೆ ತಂದು ಹಾಕಿದೆವು. ಗಾಳಿ ತಾಗಿ ಒಂದಷ್ಟು ಹೊತ್ತಿಗೆ ವಾಂತಿ ಮಾಡಿಕೊಂಡ, ಆಮೇಲೆ ಆಸ್ಪತ್ರೆ, ಆಕ್ಸಿಜನ್, ಬದುಕಿದ. ಬಚ್ಚಲಿನ ವೆಂಟಿಲೇಟರ್‌ಗೆ ಹಿಂದಿನ ವಾರ ಯಾರೋ ರಟ್ಟು ಹೊಡೆದಿದ್ದರು, ತಣ್ಣನೆ ಗಾಳಿ ಬರುತ್ತದೆ ಅಂತ. ಹೊಡೆದವನು ನಾನೇ.

ಇದ್ದಿಲು, ಸೌದೆ, ಗ್ಯಾಸ್ ಯಾವುದೇ ಇರಲಿ, ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಜಾಗವನ್ನು ಇದು 200 ಪಟ್ಟಿಗೂ ಜಾಸ್ತಿ ಬಲವಾಗಿ ಹಿಡಿದು ಕೂರುತ್ತದೆ. ಹೊಗೆ ಇಲ್ಲದ ಕೆಂಡ ಸುರಕ್ಷಿತ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಅದು ಪೂರ್ತಿ ತಪ್ಪು. ಹೊಗೆ ಇದ್ದರೆ ಕೆಮ್ಮಿಕೊಂಡಾದರೂ ಎದ್ದು ಹೊರಗೆ ಹೋಗುತ್ತೀರಿ. ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರಿಗೆ ತಲೆನೋವು, ಮಂಪರು ಬರುತ್ತದೆ, ನಿದ್ದೆ ಅಂದುಕೊಳ್ಳುತ್ತಾರೆ.

ಅದಕ್ಕೆ ಅಗ್ಗಿಷ್ಟಿಕೆ ಜಗಲಿಯಲ್ಲಿ, ಅಂಗಳದಲ್ಲಿ ಮಾತ್ರ. ಮಲಗುವ ಕೋಣೆಗೆ ಬೇಡವೇ ಬೇಡ, ಬಾಣಂತಿ ಕೋಣೆಗೂ ಬೇಡ. ಅಜ್ಜಿ ಬೈದರೂ ಪರವಾಗಿಲ್ಲ, ಬೈಸಿಕೊಳ್ಳಿ. ಗ್ಯಾಸ್ ಗೀಸರ್‌ನ ಯಂತ್ರವನ್ನು ಬಚ್ಚಲಿನ ಹೊರಗಿನ ಗೋಡೆಗೆ ಹಾಕಿಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬಾಡಿಗೆ ಮನೆಯವರು ಒಪ್ಪದಿದ್ದರೆ, ಮೊದಲು ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಿ. ಯಾರಾದರೂ ಒಳಗೆ ಕುಸಿದರೆ ಮೊದಲು ಹೊರಗೆ ಎಳೆಯಿರಿ, ಕಿಟಕಿ ಬಾಗಿಲು ತೆರೆಯಿರಿ, 108ಕ್ಕೆ ಕರೆ ಮಾಡಿ. ನೀರು ಚಿಮುಕಿಸುವುದು, ಈರುಳ್ಳಿ ಮೂಸಿಸುವುದು ಎಲ್ಲ ಸುಮ್ನೆ ಹೊತ್ತು ಕಳೆಯುವ ಕೆಲಸ.

ನಮ್ಮ ಹಳ್ಳಿಯ ಹಂಡೆ ಒಲೆ ಈ ವಿಷಯದಲ್ಲಿ ಬುದ್ಧಿವಂತ ವ್ಯವಸ್ಥೆ. ಬಚ್ಚಲುಮನೆ ಬೇರೆ, ಮೇಲೆ ಹೆಂಚಿನ ಸಂದು, ಒಲೆಯ ಬಾಯಿ ಎಷ್ಟೋ ಮನೆಯಲ್ಲಿ ಹೊರಗಡೆಗೇ. ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಸೋಗೆ (ಅಡಿಕೆ ಗರಿ) ತುರುಕಿದರೆ ಸಾಕು. ಸಂಜೆಯೇ ಒಂದು ದಪ್ಪ ಮರದ ಕುಂಟೆ ಇಟ್ಟು ಬೂದಿ ಮುಚ್ಚಿದರೆ ಬೆಳಿಗ್ಗೆ ನೀರು ಬೆಚ್ಚಗಿರುತ್ತದೆ. ಆ ಒಲೆ ಪಕ್ಕದ ಕಟ್ಟೆಯಲ್ಲಿ ಕೂತು ಮೈ ಕಾಯಿಸುವುದಕ್ಕಿಂತ ಸುಖ ನನಗಂತೂ ಗೊತ್ತಿಲ್ಲ. ನಮ್ಮನೆ ಬೆಕ್ಕಿಗೂ ಗೊತ್ತಿಲ್ಲ.

ಕರೆಂಟಿನ ರೂಂ ಹೀಟರ್ 2000 ವ್ಯಾಟಿನದಾದರೆ ಗಂಟೆಗೆ ಎರಡು ಯೂನಿಟ್ ಸುಡುತ್ತದೆ. 16 ಆಂಪಿಯರ್‌ನ ದೊಡ್ಡ ಪ್ಲಗ್‌ಗೇ ಹಾಕಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ವೈರು ಕರಗುತ್ತದೆ. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಮಲಗುವಾಗ ಆರಿಸಿ. ನೀರು ಕಾಯಿಸುವ ರಾಡ್ ಆದರೆ ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ ನೋಡಿ. ಇದಕ್ಕೆಲ್ಲಕ್ಕಿಂತ ಅಗ್ಗದ್ದು ಬಿಸಿನೀರಿನ ರಬ್ಬರ್ ಚೀಲ. ಅದೂ ಇಲ್ಲದಿದ್ದರೆ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಹೊದಿಕೆಯೊಳಗೆ ಕಾಲಿನ ಕಡೆ ಇಡಿ. ಸಕ್ಕರೆ ಕಾಯಿಲೆ ಇದ್ದವರ ಕಾಲಿಗೆ ಮಾತ್ರ ತಾಗಿಸಿ ಇಡಬೇಡಿ. ಅವರಿಗೆ ಸುಟ್ಟರೂ ಗೊತ್ತಾಗದೆ ಇರಬಹುದು.

ಸ್ನಾನ

ಸೋಲಾರ್ ಇದ್ದವರು ಸ್ನಾನವನ್ನು ಸಂಜೆ ನಾಲ್ಕಕ್ಕೆ ಹಾಕಿಕೊಳ್ಳಿ. ನೀರು ಅತೀ ಬಿಸಿ ಇರುವುದು ಆಗಲೇ, ಮೈ ಒಣಗಲು ಇನ್ನೂ ಒಂದಷ್ಟು ಬಿಸಿಲೂ ಇರುತ್ತದೆ. ಮಂಜು ಕವಿದ ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿ ಕಾಯುವುದು ಸುಮ್ನೆ ನೀರು ದಂಡ.

ಬೆಳಿಗ್ಗೆ ತುಂಗಾ ಹೊಳೆಯ ಮೇಲೆ ಹಬೆ ಏಳುವುದನ್ನು ನೋಡಿರುತ್ತೀರಿ. ನೀರು ಗಾಳಿಗಿಂತ ಬೆಚ್ಚಗಿದೆ ಅಂತ ಅದರ ಅರ್ಥ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮುಳುಗು ಹಾಕುವವರಿಗೆ ನೀರಿನೊಳಗೆ ಅಷ್ಟು ಚಳಿ ಆಗುವುದಿಲ್ಲ, ಎದ್ದು ಬಂದ ಮೇಲೆ ಹಲ್ಲು ಕಟಕಟ ಅನ್ನುತ್ತದೆ. ಒದ್ದೆ ಮೈಯಿಂದ ಬಿಸಿ ಹೋಗುವ ವೇಗ ಒಣ ಮೈಗಿಂತ ಎಷ್ಟೋ ಜಾಸ್ತಿ, ಗಾಳಿ ಬೀಸಿದರೆ ಇನ್ನೂ ಜಾಸ್ತಿ. ಹಾಗಾಗಿ ಮುಳುಗುವ ಮುಂಚೆಯೇ ಒಣ ಟವೆಲ್, ಒಣ ಬಟ್ಟೆ ಮೆಟ್ಟಿಲ ಮೇಲೆ ಒಬ್ಬರ ಕೈಯಲ್ಲಿ ಇರಲಿ. ಒದ್ದೆ ಬಟ್ಟೆಯಲ್ಲಿ ಸಾಲಿನಲ್ಲಿ ನಿಲ್ಲಬೇಡಿ. ಅಯ್ಯಪ್ಪ ಮಾಲೆ ಹಾಕಿದವರು ನಸುಕಿನಲ್ಲಿ ತಣ್ಣೀರು ಸ್ನಾನ ಮಾಡುತ್ತಾರೆ. ಬಿಪಿ ಇರುವವರು, ಹೃದಯಕ್ಕೆ ಚಿಕಿತ್ಸೆ ಆದವರು ಮೊದಲು ಡಾಕ್ಟರನ್ನು ಕೇಳಿ. ಮಾಡಲೇಬೇಕು ಅಂದರೆ ಮೊದಲು ಕಾಲಿಗೆ, ಕೈಗೆ, ಆಮೇಲೆ ಮೈಗೆ. ಒಮ್ಮೆಲೇ ತಲೆ ಮೇಲೆ ಸುರಿದುಕೊಂಡರೆ ರಕ್ತನಾಳ ಕುಗ್ಗಿ ಬಿಪಿ ಜಿಗಿಯುತ್ತದೆ.

ಸ್ನಾನ ಮುಗಿದು ಮೈ ಇನ್ನೂ ತುಸು ಹಸಿ ಇರುವಾಗಲೇ ಎಣ್ಣೆ ಸವರಿ, ಪೂರ್ತಿ ಒಣಗಿದ ಮೇಲೆ ಸವರಿದರೆ ಅರ್ಧ ಪ್ರಯೋಜನ. ಒಡೆದ ಹಿಮ್ಮಡಿಗೆ ಪೇಟೆಯ ಕ್ರೀಮಿಗಿಂತ ನಾನು ನಂಬುವುದು ಮುರುಗಲ ತುಪ್ಪ. ಮುರುಗಲ (ಪುನರ್ಪುಳಿ) ಬೀಜದಿಂದ ತೆಗೆದದ್ದು, ಮೇಣದ ಹಾಗೆ ಗಟ್ಟಿ ಉಂಡೆ. ಹಾಗೇ ಉಜ್ಜಿದರೆ ಹತ್ತುವುದಿಲ್ಲ. ರಾತ್ರಿ ಕಾಲನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಒರೆಸಿ, ಚಮಚದಲ್ಲಿ ಒಂದು ಚೂರು ತುಪ್ಪ ಇಟ್ಟು ದೀಪದ ಮೇಲೆ ಹಿಡಿಯಿರಿ. ಅಂಚಿನಿಂದ ಕರಗುತ್ತಾ ಬರುತ್ತದೆ. ಬೆರಳಿಗೆ ತಾಳುವಷ್ಟು ಬಿಸಿ ಇರುವಾಗ ಬಿರುಕಿನೊಳಗೆ ತುಂಬಿ, ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ. ಮೇಲೆ ಸಾಕ್ಸ್. ನಾಲ್ಕೈದು ರಾತ್ರಿ ಸಾಕು.

ವಯಸ್ಸಾದವರು, ಕೂಸುಗಳು

ಅಪ್ಪ ಅಮ್ಮನಿಗೆ ಬೆಳಗಿನ ವಾಕಿಂಗ್ ಬಿಡಿಸುವುದು ಕಷ್ಟ. ಬಿಡಿಸಬೇಡಿ, ಹೊತ್ತು ಬದಲಿಸಿ. ಬಿಸಿಲು ಬಿದ್ದ ಮೇಲೆ ಹೋಗಲಿ. ಚಳಿಗೆ ರಕ್ತನಾಳ ಸಣ್ಣಗಾಗುತ್ತವೆ, ಹೃದಯಕ್ಕೆ ಕೆಲಸ ಜಾಸ್ತಿ, ನಸುಕಿನಲ್ಲಿ ಅದು ಇನ್ನೂ ಹೆಚ್ಚು. ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿಸುತ್ತಾ ಕೂರಬೇಡಿ. ರಾತ್ರಿ ಮೂತ್ರಕ್ಕೆ ಎದ್ದೇಳುವುದು ಚಳಿಯಲ್ಲಿ ಜಾಸ್ತಿ. ಎದ್ದ ತಕ್ಷಣ ನಿಲ್ಲದೆ ಒಂದು ನಿಮಿಷ ಹಾಸಿಗೆಯಲ್ಲೇ ಕೂತು, ಆಮೇಲೆ ಏಳಲಿ. ಬಚ್ಚಲು ಹೊರಗಿದ್ದರೆ ಚಪ್ಪಲಿ, ಟಾರ್ಚ್, ಟೋಪಿ ಹಾಸಿಗೆ ಪಕ್ಕ ಇರಲಿ.

ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋದರೆ ಅದು ಅಪಾಯ. ಮುದುಕರಿಗೆ ನಮ್ಮ ಊರಿನ ಚಳಿಯಲ್ಲೂ ಹೀಗೆ ಆಗಬಹುದು, ಅದರಲ್ಲೂ ಒಬ್ಬರೇ ಇದ್ದು ಸರಿಯಾಗಿ ಊಟ ಮಾಡದವರಿಗೆ. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ, ಮಾತು ಎಳೆಯುತ್ತಾ ಮಂಕಾದರೆ ಚಳಿ ಬಿಟ್ಟಿತು ಅಂತ ತಿಳಿಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು "ಒಂದು ಪೆಗ್ ಹಾಕಿದರೆ ಬೆಚ್ಚಗೆ" ಅನ್ನುವವರಿಗೆ ಒಂದು ಮಾತು. ಚರ್ಮಕ್ಕೆ ರಕ್ತ ನುಗ್ಗುವುದರಿಂದ ಬೆಚ್ಚಗೆ ಅನಿಸುತ್ತದೆ, ಮೈಯೊಳಗಿನ ಬಿಸಿ ಮಾತ್ರ ಹೊರಗೆ ಹೋಗುತ್ತಿರುತ್ತದೆ.

ಎಳೆ ಕೂಸನ್ನು ಬೆಚ್ಚಗಿಡಲು ಎಲ್ಲಕ್ಕಿಂತ ಒಳ್ಳೆಯದು ಅಮ್ಮನ ಎದೆ. ಕೂಸನ್ನು ಬರಿಮೈಯಲ್ಲಿ ಎದೆಗೆ ಒರಗಿಸಿಕೊಂಡು ಮೇಲೆ ಹೊದ್ದುಕೊಳ್ಳುವುದು. ಅಪ್ಪನೂ ಮಾಡಬಹುದು. ತಲೆಗೆ ಟೋಪಿ, ಕಾಲಿಗೆ ಸಾಕ್ಸ್. ಮುಖದ ಮೇಲೆ ಹೊದಿಕೆ ಬರದಂತೆ ನೋಡಿಕೊಳ್ಳಿ. ಸಾಂಬ್ರಾಣಿ ಹೊಗೆ ನಮ್ಮಲ್ಲಿ ಬಿಡದ ಪದ್ಧತಿ, ಆದರೆ ಹೊಗೆ ಹೊಗೆಯೇ, ಕೂಸಿನ ಶ್ವಾಸಕ್ಕೆ ಒಳ್ಳೆಯದಲ್ಲ. ಶೀತಕ್ಕೆ ಜೇನು ನೆಕ್ಕಿಸುವುದು ಒಂದು ವರ್ಷ ತುಂಬುವ ತನಕ ಬೇಡ.

ಅಡುಗೆಮನೆ

ದೋಸೆ ಹಿಟ್ಟು ಹುಳಿ ಬರಲಿಲ್ಲ ಅನ್ನುವುದು ಈ ದಿನಗಳಲ್ಲಿ ಮನೆಮನೆಯ ರಾಮಾಯಣ. ಬೇಸಿಗೆಯಲ್ಲಿ ಎಂಟು ಗಂಟೆಗೆ ಉಕ್ಕುವ ಹಿಟ್ಟು ಈಗ ಹದಿನಾರು ಗಂಟೆಯಾದರೂ ಮಲಗಿರುತ್ತದೆ. ಮಧ್ಯಾಹ್ನವೇ ರುಬ್ಬಿ. ರುಬ್ಬುವಾಗ ಬೆಚ್ಚನೆ ನೀರು, ಒಂದು ಮುಷ್ಟಿ ಅವಲಕ್ಕಿ, ಅರ್ಧ ಚಮಚ ಮೆಂತೆ ಹಾಕಿ. ಉಪ್ಪು ಬೆಳಿಗ್ಗೆ ಹಾಕಿದರಾಯಿತು. ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚನೆ ನೀರಿರುವ ದೊಡ್ಡ ಪಾತ್ರೆಯೊಳಗೆ ಇಟ್ಟು ಮೇಲೆ ಟವೆಲ್ ಮುಚ್ಚಿ. ನಮ್ಮಮ್ಮ ಹಂಡೆ ಒಲೆ ಕಟ್ಟೆಯ ಮೇಲಿಡುತ್ತಾರೆ, ಒಮ್ಮೆ ಒಲೆಗೆ ಹತ್ತಿರವಾಗಿ ಇಟ್ಟು ಅರ್ಧ ಪಾತ್ರೆ ಇಡ್ಲಿ ಅಲ್ಲೇ ಬೆಂದಿತ್ತು. ಮೊಸರಿಗೆ ಹಾಲು ಮಾಮೂಲಿಗಿಂತ ತುಸು ಬಿಸಿ ಇರಲಿ, ಹೆಪ್ಪು ಒಂದು ಚಮಚ ಜಾಸ್ತಿ, ಪಾತ್ರೆಗೆ ಬಟ್ಟೆ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹೂತಿಡಿ. ಹಾಟ್‌ಬಾಕ್ಸ್ ಇದ್ದರೆ ಅದೂ ಆಗುತ್ತದೆ.

ಕಷಾಯದ ಪುಡಿಗೆ ನಮ್ಮನೆ ಅಳತೆ ಇದು: ಧನಿಯಾ ನಾಲ್ಕು ಪಾಲು, ಜೀರಿಗೆ ಎರಡು, ಕಾಳುಮೆಣಸು ಒಂದು, ಬೆರಳುದ್ದ ಒಣಶುಂಠಿ, ಚಿಟಿಕೆ ಮೆಂತೆ, ಸ್ವಲ್ಪ ಜ್ಯೇಷ್ಠಮಧು. ಬೇರೆಬೇರೆಯಾಗಿ ಹುರಿದು ಪುಡಿ ಮಾಡಿ. ಜ್ಯೇಷ್ಠಮಧು ಬಿಪಿ ಏರಿಸುತ್ತದೆ, ಬಿಪಿ ಇರುವವರ ಡಬ್ಬಿಗೆ ಅದನ್ನು ಬಿಟ್ಟು ಮಾಡಿ. ರಾತ್ರಿ ಊಟಕ್ಕೆ ಹುರುಳಿ ಸಾರು, ಕಾಳುಮೆಣಸಿನ ಸಾರು. ಬಾಯಾರಿಕೆ ಆಗುವುದಿಲ್ಲ ಅಂತ ನೀರು ಬಿಡಬೇಡಿ, ಬಿಸಿ ಮಾಡಿ ಫ್ಲಾಸ್ಕಿನಲ್ಲಿ ಇಟ್ಟುಕೊಂಡರೆ ತಾನಾಗಿ ಕುಡಿಯುತ್ತೀರಿ.

ತೋಟ ಮತ್ತು ಅಂಗಳ

ತಣ್ಣನೆ ಗಾಳಿ ಭಾರ. ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಸೀದಾ ಮೇಲಕ್ಕೆ ಹೋಗುತ್ತದೆ, ತಣ್ಣಗಾದ ಗಾಳಿ ನೀರಿನ ಹಾಗೆ ಗುಡ್ಡದಿಂದ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ನಮ್ಮ ಅಡಿಕೆ ತೋಟಗಳೆಲ್ಲ ಇರುವುದು ಕಣಿವೆಯಲ್ಲೇ. ನಂಬಿಕೆ ಬರದಿದ್ದರೆ ಬೆಳಿಗ್ಗೆ ಆರಕ್ಕೆ ಮನೆಯಿಂದ ಇಳಿದು ತೋಟದ ದಣಪೆ (ಬೇಲಿಯ ಗೇಟು) ದಾಟಿ ನೋಡಿ, ಮೊಣಕಾಲಿನವರೆಗೆ ಯಾರೋ ತಣ್ಣೀರು ಸುರಿದ ಹಾಗೆ ಅನಿಸುತ್ತದೆ. ಹಾಗಾಗಿ ಎಳೆ ಅಡಿಕೆ ಸಸಿ, ತರಕಾರಿ ಮಡಿ ಇದ್ದರೆ ತಗ್ಗಿನ ಭಾಗಕ್ಕೆ ಮೊದಲು ಸೋಗೆ ಮುಚ್ಚಿ. ನೀರು ಬಿಡುವುದಿದ್ದರೆ ಹಗಲಿನಲ್ಲೇ ಬಿಡಿ, ಹಸಿ ಮಣ್ಣು ಹಗಲಿನ ಬಿಸಿಯನ್ನು ಒಣ ಮಣ್ಣಿಗಿಂತ ಚೆನ್ನಾಗಿ ಹಿಡಿದಿಡುತ್ತದೆ.

ಇದೇ ಹೊತ್ತಿಗೆ ಅಡಿಕೆ ಕೊನೆ (ಗೊನೆ) ಕೊಯ್ಲು ಬೇರೆ. ಕೊನೆಗೌಡರನ್ನು, ಅಂದರೆ ಕೊನೆ ಕೊಯ್ಯುವವರನ್ನು, ಬೆಳಿಗ್ಗೆ ಏಳಕ್ಕೇ ಮರ ಹತ್ತಿಸಬೇಡಿ. ಇಬ್ಬನಿಯಲ್ಲಿ ಮರ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಕೈಬೆರಳು ಮರಗಟ್ಟಿ ಹಿಡಿತವೂ ಇರುವುದಿಲ್ಲ. ಬಿಸಿಲು ಕಾಂಡಕ್ಕೆ ಬಿದ್ದು ಒಣಗಲಿ, ಅಷ್ಟರಲ್ಲಿ ಅವರಿಗೂ ಒಂದು ಬಿಸಿ ಕಾಫಿ ಆಗಲಿ. ಫೈಬರ್ ದೋಟಿಯಲ್ಲಿ, ಅಂದರೆ ಉದ್ದ ಗಳದಲ್ಲಿ, ಕೊಯ್ಯುವವರು ಕರೆಂಟ್ ಲೈನ್ ಹತ್ತಿರ ಸುಳಿಯಲೇಬೇಡಿ. ಕಾರ್ಬನ್ ಫೈಬರ್ ಒಣಗಿದ್ದರೂ ಕರೆಂಟ್ ಹರಿಸುತ್ತದೆ.

ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಲು ಮಾಮೂಲಿಗೆ 40, 45 ದಿನ ಬೇಕು. ಚಳಿಗಾಲದ ಬಿಸಿಲು ಮೃದು, ಅದರ ಮೇಲೆ ಇಬ್ಬನಿ ಕುಡಿದರೆ ಹಗಲು ಒಣಗಿದ್ದೆಲ್ಲ ರಾತ್ರಿ ವಾಪಸು. ಸಂಜೆ ಬಿಸಿಲು ಇರುವಾಗಲೇ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ. ಬೆಳಿಗ್ಗೆ ಟಾರ್ಪಾಲ್ ತೆಗೆಯುವಾಗ ಗಡಿಬಿಡಿ ಬೇಡ. ಮೇಲ್ಗಡೆ ನಿಂತ ಇಬ್ಬನಿ ನೀರನ್ನು ಮೊದಲು ಒಂದು ಮೂಲೆಗೆ ಜಾರಿಸಿ ಚೆಲ್ಲಿ, ಆಮೇಲೆ ಎತ್ತಿ. ಒಳಗಡೆಯೂ ಬೆವರಿರುತ್ತದೆ, ಮಗುಚಿ ಬಿಸಿಲಿಗೆ ಹರಡಿ. ಅಂಗಳದ ನೆಲ ಒಣಗಿದೆಯಾ ಅಂತ ಅಂಗೈ ಇಟ್ಟು ನೋಡಿ, ಆಮೇಲೆ ಅಡಿಕೆ ಹರವಿ.

ಕೊಟ್ಟಿಗೆ ಮತ್ತು ಉಣುಗು

ದನಗಳಿಗೆ ರಾತ್ರಿಯ ಹುಲ್ಲು ಸ್ವಲ್ಪ ಜಾಸ್ತಿ ಹಾಕಿ. ಹೊಟ್ಟೆಯೊಳಗೆ ಹುಲ್ಲು ಜೀರ್ಣವಾಗುವಾಗ ಹುಟ್ಟುವ ಬಿಸಿಯೇ ಅವಕ್ಕೆ ಒಲೆ. ಕರುವಿಗೆ ಗೋಣಿಚೀಲ ಕಟ್ಟಿ, ಕುಡಿಯಲು ಉಗುರುಬೆಚ್ಚನೆ ನೀರು ಕೊಡಿ. ಗಾಳಿ ಬೀಸುವ ಕಡೆಗೆ ತಟ್ಟಿ ಕಟ್ಟಿ, ಆದರೆ ಕೊಟ್ಟಿಗೆ ಪೂರ್ತಿ ಮುಚ್ಚಬೇಡಿ, ಗಂಜಲದ ಘಾಟಿಗೆ ದನ ಕೆಮ್ಮುತ್ತವೆ.

ಕೊಟ್ಟಿಗೆಗೆ ಹಾಸಲು ಕಾಡಿನಿಂದ ಒಣ ತರಗೆಲೆ ಗುಡಿಸಿ ತರುವುದು ನಮ್ಮ ಹಳೇ ರೂಢಿ. ಚಳಿ ಕಾಯಿಸಲು ಅದನ್ನೇ ಉರಿಸುತ್ತೇವೆ. ಇಲ್ಲಿ ಹುಷಾರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ, ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇವರೆಗೆ. ಅದನ್ನು ಹರಡುವ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಇರುವುದು ಆ ತರಗೆಲೆಯಲ್ಲೇ. ಕಾಯಿಲೆ ಕಂಡ ಊರಿನ ಸುತ್ತಮುತ್ತ ಇದ್ದರೆ ಈ ಸಲ ತರಗೆಲೆ ಬಿಡಿ, ಭತ್ತದ ಹುಲ್ಲೋ ಅಡಿಕೆ ಸೋಗೆಯೋ ಹಾಸಿ. ಕಾಡಿಗೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ "ಚಳಿಗೆ ಬಂದ ಜ್ವರ" ಅಂತ ಮನೆಯಲ್ಲೇ ಮಲಗಿಸಬೇಡಿ. ಪ್ರತಿ ಚಳಿಗಾಲದಲ್ಲೂ ಜನ ತಪ್ಪುವುದು ಇಲ್ಲೇ.

ರಸ್ತೆ

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್, ಎಡಗಡೆಯ ಬಿಳಿ ಗೆರೆ, ನಿಧಾನ, ಅಷ್ಟೇ. ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ತಿರುವಿಗೆ ಮುಂಚೆ ಹಾರ್ನ್. ಗಾಜು ಒಳಗಿನಿಂದ ಮಸುಕಾದರೆ ಕಿಟಕಿ ಎರಡು ಬೆರಳಷ್ಟು ಇಳಿಸಿ. ಬೈಕಿನವರು ಜರ್ಕಿನ್ ಒಳಗೆ ಎದೆಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಳ್ಳಿ, ನಗಬೇಡಿ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬೆಳಗಿನ ಆರಕ್ಕೆ ಹೋಗಿ ನೋಡಿ ಆಮೇಲೆ ಹೇಳಿ.

ಉತ್ತರಕ್ಕೆ ಹೋಗುವವರಿಗೆ

ನಮ್ಮ ಕಡೆ ಹುಡುಗರು ಸೈನ್ಯದಲ್ಲಿ, ಓದಲು, ಪ್ರವಾಸಕ್ಕೆ ಅಂತ ಕಾಶ್ಮೀರದವರೆಗೂ ಹೋಗುತ್ತಾರೆ. ಅಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅತೀ ಕಠಿಣ ಚಳಿಯ ಕಾಲ. ಅದು ಬೇರೆಯೇ ಲೋಕ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಪೈಪ್ ಒಡೆಯುವುದು ಅದಕ್ಕೇ. ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ ಅನ್ನುತ್ತಾರೆ, ನಮ್ಮ ರೂಢಿಯಂತೆ ಬಿಗಿಯಾಗಿ ಕಟ್ಟಿ ಬರಬೇಡಿ. ಬೆರಳು ಬೆಳ್ಳಗಾಗಿ ಜೋಮು ಹಿಡಿದರೆ ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು, ಉಗುರುಬೆಚ್ಚನೆ ನೀರಿನಲ್ಲಿ ಮುಳುಗಿಸಿ ಡಾಕ್ಟರ ಹತ್ತಿರ ಹೋಗಬೇಕು. ನಮ್ಮೂರ ಸ್ವೆಟರ್ ಅಲ್ಲಿ ಒಳಗಿನ ಬನಿಯನ್‌ಗೆ ಸಮ, ದಪ್ಪ ಕೋಟು ಅಲ್ಲೇ ತೆಗೆದುಕೊಳ್ಳಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಓಡಿಹೋದ ಮೇಲೆ ಕಂಬಳಿ ಹಾಗೇ ಮಡಚಿ ಅಟ್ಟಕ್ಕೆ ಎಸೆಯಬೇಡಿ. ಉಣ್ಣೆಯದ್ದನ್ನು ತಣ್ಣೀರಿನಲ್ಲಿ ಒಗೆಯಿರಿ, ಬಿಸಿನೀರಿಗೆ ಅದು ಕುಗ್ಗುತ್ತದೆ. ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಮಡಿಕೆಗಳ ನಡುವೆ ಒಣಗಿದ ಲಕ್ಕಿ ಸೊಪ್ಪು ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಕಟ್ಟಿ ಇಡಿ. ಮಧ್ಯೆ ಒಂದು ಮಳೆಗಾಲ ಕಳೆಯಬೇಕಲ್ಲ.